ಬೆಂಗಳೂರು ಪೇಟೆ: ಅಂಗಡಿಬೀದಿಗಳ ಇತಿಹಾಸ ಮತ್ತು ಕಾಯಕದೃಷ್ಟಿ

ಒಂದು ಊರಿನ ಚರಿತ್ರೆಯನ್ನು ಅರಸರ ಶಾಸನಗಳು ಮಾತ್ರವೇ ಹೇಳುವುದಿಲ್ಲ. ಅದರ ಬೀದಿಗಳ ಹೆಸರುಗಳೂ ಹೇಳುತ್ತವೆ. ಈ ಮಾತಿಗೆ ಬೆಂಗಳೂರಿನ ಹಳೆಯ ಪೇಟೆಯು ಉತ್ತಮ ನಿದರ್ಶನವಾಗಿದೆ.

ಯಲಹಂಕ ನಾಡಪ್ರಭು ಕೆಂಪೇಗೌಡನು ೧೫೩೭ರಲ್ಲಿ ಮಣ್ಣಿನ ಕೋಟೆಯೊಳಗೆ ಈ ಪೇಟೆಯನ್ನು ಕಟ್ಟಿಸಿದನು. ಉತ್ತರ ದಕ್ಷಿಣವಾಗಿ ಹಾಯುವ ದೊಡ್ಡಪೇಟೆ, ಪೂರ್ವ ಪಶ್ಚಿಮವಾಗಿ ಹಾಯುವ ಚಿಕ್ಕಪೇಟೆ, ಇವೆರಡೂ ಕೂಡುವ ಚೌಕವೇ ಊರಿನ ನಡುಬಿಂದು. ಅಲ್ಲಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿ, ಗೆರೆ ಎಳೆದು ಬೀದಿಗಳನ್ನು ಗುರುತಿಸಿದರೆಂಬುದು ಐತಿಹ್ಯ. ದೊಡ್ಡಪೇಟೆಯೇ ಇಂದಿನ ಅವೆನ್ಯೂ ರಸ್ತೆ.

ಈ ಎರಡು ಹೆದ್ದಾರಿಗಳ ಅಕ್ಕಪಕ್ಕದಲ್ಲಿ ಸರಕಿಗೊಂದು, ಕಸುಬಿಗೊಂದು ಬೀದಿಯು ಬೆಳೆಯಿತು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ ಎಂಬುವು ಮಾರುವ ವಸ್ತುವಿನಿಂದ ಬಂದ ಹೆಸರುಗಳು. ತರಗುಪೇಟೆಯು ದವಸಧಾನ್ಯದ ಸಗಟು ವ್ಯಾಪಾರದ ನೆಲೆ. ಗಾಣಿಗರಪೇಟೆ, ಕುಂಬಾರಪೇಟೆ, ಗೊಲ್ಲರಪೇಟೆ, ಉಪ್ಪಾರಪೇಟೆ ಎಂಬುವು ದುಡಿಯುವ ಜನರಿಂದ ಬಂದ ಹೆಸರುಗಳು. ಕೊಳ್ಳುವವನಿಗೆ ಇದರಿಂದ ಅನುಕೂಲವಿತ್ತು. ಒಂದೇ ಸರಕಿನ ಅಂಗಡಿಗಳು ಸಾಲಾಗಿದ್ದುದರಿಂದ ಬೆಲೆಯನ್ನೂ ಗುಣವನ್ನೂ ಅಲ್ಲಿಯೇ ಹೋಲಿಸಿ ನೋಡಬಹುದಾಗಿತ್ತು. ಅಳತೆಯಲ್ಲಿ ಮೋಸಮಾಡಿದವನು ನೆರೆಯ ಅಂಗಡಿಯವನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ.

೧೭೯೧ರ ಮಾರ್ಚ್ ತಿಂಗಳಲ್ಲಿ ಕಾರ್ನ್‌ವಾಲೀಸನ ಸೈನ್ಯವು ಪೇಟೆಯನ್ನು ಹಿಡಿದಾಗ ಇಲ್ಲಿಯ ವ್ಯಾಪಾರವು ಭಾರಿ ಪೆಟ್ಟು ತಿಂದಿತು. ಅದಕ್ಕೂ ಮುನ್ನವೇ ಟಿಪ್ಪುಸುಲ್ತಾನನು ನಿಜಾಮನ ಮತ್ತು ಆರ್ಕಾಟಿನ ಸೀಮೆಗಳೊಡನೆ ವ್ಯಾಪಾರವನ್ನು ನಿಷೇಧಿಸಿದ್ದನೆಂದು ಫ್ರಾನ್ಸಿಸ್ ಬುಕಾನನ್ ಬರೆದಿದ್ದಾನೆ. ಬುಕಾನನ್ನನು ಇಲ್ಲಿಗೆ ಬಂದುದು ೧೮೦೦ರಲ್ಲಿ. ಆ ವೇಳೆಗೆ ಪೇಟೆಯು ಮತ್ತೆ ಚೇತರಿಸಿಕೊಳ್ಳುತ್ತಿತ್ತು. ಅಡಕೆ, ಮೆಣಸು, ಗಂಧ, ಹತ್ತಿ, ಉಪ್ಪು, ಬಟ್ಟೆ ಇವೆಲ್ಲವೂ ಹೇರೆತ್ತುಗಳ ಬೆನ್ನ ಮೇಲೆ ಬಂದು ಹೋಗುತ್ತಿದ್ದುವು. ಬಣಜಿಗರು, ನಗರ್ತರು ಮೊದಲಾದ ವರ್ತಕರನ್ನೂ ರೇಷ್ಮೆ ನೇಯುವ ಪಟ್ಟೇಗಾರರನ್ನೂ ಆತನು ಹೆಸರಿಸಿದ್ದಾನೆ.

ಆದರೆ ಈ ವ್ಯವಸ್ಥೆಗೆ ಇನ್ನೊಂದು ಮುಖವೂ ಇತ್ತೆಂಬುದನ್ನು ಮರೆಯಲಾಗದು. ಪೇಟೆಯ ಸಮಾಜವು ಬಲಗೈ ಪಣದ ಹದಿನೆಂಟು, ಎಡಗೈ ಪಣದ ಒಂಬತ್ತು ಜಾತಿಗಳೆಂದು ಇಬ್ಭಾಗವಾಗಿದ್ದಿತು. ಬಲಗೈಯವರಿಗೆ ಬಣಜಿಗರೂ ಎಡಗೈಯವರಿಗೆ ಪಾಂಚಾಳರೂ ಮುಂದಾಳುಗಳು. ದೇಶಪೇಟೆ, ನಗರ್ತಪೇಟೆಗಳೆಂಬ ಎರಡು ಕೂಟಗಳ ಹಿಂದೆಯೂ ಇದೇ ಭೇದವಿದ್ದಿತು. ಯಾವ ಬೀದಿಯಲ್ಲಿ ಯಾರ ಮೆರವಣಿಗೆ ಸಾಗಬೇಕೆಂಬ ವಿಷಯದಲ್ಲಿಯೂ ಇಂಥ ಪಣಗಳ ನಡುವೆ ಕಲಹಗಳಾಗುತ್ತಿದ್ದುವು.

ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಇಲ್ಲಿ ಜ್ಞಾಪಿಸಿಕೊಳ್ಳುವುದು ಉಚಿತ. ಗಾಣದ ಕಣ್ಣಪ್ಪ, ಮೇದರ ಕೇತಯ್ಯ, ಕದಿರೆ ರೆಮ್ಮವ್ವೆ, ಮಡಿವಾಳ ಮಾಚಿದೇವ ಈ ನಾಮಗಳಲ್ಲಿಯೂ ಕಸುಬೇ ಮುಂದಿದೆ. ಆದರೆ ಅಲ್ಲಿ ಅದು ಬೇಲಿಯಲ್ಲ, ಬಿರುದು. ಕಸುಬು ಬೇರೆಬೇರೆಯಾದರೂ ಅನುಭವಮಂಟಪದಲ್ಲಿ ಕುಳಿತುಕೊಳ್ಳುವ ಪಂಕ್ತಿ ಒಂದೇ. ಪೇಟೆಯ ಬೀದಿಗಳಲ್ಲಾದರೋ ಕಸುಬಿನ ಹೆಸರು ಜಾತಿಯ ಗಡಿಯಾಗಿ ನಿಂತಿತು. ಶರಣರನ್ನು ಪೂಜಿಸಿದ ವರ್ತಕರೂ ಆ ಗಡಿಯೊಳಗೇ ಬಾಳಿದರೆಂಬುದು ಕಹಿಯಾದರೂ ನಿಜವಾದ ಸಂಗತಿ.

ವ್ಯಾಪಾರವೂ ಕಾಯಕವಾಗಬಲ್ಲುದೆ? ಈ ಪ್ರಶ್ನೆಗೆ ಶರಣಸಾಹಿತ್ಯವು ಕೊಡುವ ಉತ್ತರ ಕಠಿಣವಾದುದು. ಸೌರಾಷ್ಟ್ರದಿಂದ ಪುಲಿಗೆರೆಗೆ ವ್ಯಾಪಾರಕ್ಕೆ ಬಂದ ಆದಯ್ಯನು ಶರಣನಾದನು. ಆದುದರಿಂದ ಅಂಗಡಿಯು ಭಕ್ತಿಗೆ ಅಡ್ಡಿಯಲ್ಲ. ಆದರೆ ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮಡದಿ ಲಕ್ಕಮ್ಮನು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಲಾಭವಿಲ್ಲದೆ ಅಂಗಡಿ ನಡೆಯದು, ಮಿಗುತೆಯಿಲ್ಲದೆ ಲಾಭವಿಲ್ಲ. ಹಾಗಾದರೆ ವರ್ತಕನು ಆ ಮಿಗುತೆಯನ್ನು ಎಲ್ಲಿ ಸುರಿಯಬೇಕು?

ಈ ಪ್ರಶ್ನೆಗೆ ಪೇಟೆಯಿಂದಲೇ ಒಂದು ಉತ್ತರ ಬಂದಿತು. ಗುಬ್ಬಿಯಲ್ಲಿ ೧೮೩೮ರಲ್ಲಿ ಜನಿಸಿದ ತೋಟದಪ್ಪನವರು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಅನುಕೂಲಸ್ಥರಾದರು. ತಮ್ಮ ಗಳಿಕೆಯನ್ನು ಅವರು ಧರ್ಮಕಾರ್ಯಕ್ಕೆ ಮೀಸಲಿಟ್ಟು, ರೈಲ್ವೆ ನಿಲ್ದಾಣದ ಬಳಿ ಛತ್ರವೊಂದನ್ನು ಕಟ್ಟಿಸಿದರು. ೧೯೦೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ರೈಲಿನಿಂದ ಇಳಿದ ಬಡ ಪ್ರಯಾಣಿಕನಿಗೆ ಪರಸ್ಥಳದಲ್ಲಿ ಒಂದು ಸೂರು ದೊರಕಿತು. ಅವರ ಧರ್ಮಸಂಸ್ಥೆಯ ವಿದ್ಯಾರ್ಥಿನಿಲಯವು ಹಳ್ಳಿಗಳಿಂದ ಓದಲು ಬಂದ ಮಕ್ಕಳಿಗೆ ಆಸರೆಯಾಯಿತು. ತೋಟದಪ್ಪನವರು ೧೯೧೦ರಲ್ಲಿ ಲಿಂಗೈಕ್ಯರಾದರು. ದಾಸೋಹವು ಇಲ್ಲಿ ಅನ್ನದಿಂದ ಅಕ್ಷರದವರೆಗೆ ವಿಸ್ತರಿಸಿತೆಂದು ಹೇಳಬಹುದು.

ಕಾಲವು ಪೇಟೆಯ ರೂಪವನ್ನು ಬದಲಿಸಿದೆ. ೧೯೧೩ರಲ್ಲಿ ಸ್ಥಾಪಿತವಾಗಿ, ದೊಡ್ಡಪೇಟೆಯ ಉತ್ತರದ ತುದಿಯ ವೃತ್ತಕ್ಕೆ ತನ್ನ ಹೆಸರನ್ನು ಕೊಟ್ಟ ಮೈಸೂರು ಬ್ಯಾಂಕು ೨೦೧೭ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ವರ್ಷ ಚಿಕ್ಕಪೇಟೆಯ ನೆಲದಡಿಯಲ್ಲಿ ಮೆಟ್ರೋ ರೈಲು ಓಡತೊಡಗಿತು. ಧಾನ್ಯದ ಸಗಟು ವ್ಯಾಪಾರದ ಬಹುಭಾಗವು ಯಶವಂತಪುರದ ಪ್ರಾಂಗಣಕ್ಕೆ ಸಾಗಿದೆ. ಬಳೆಪೇಟೆಯಲ್ಲಿ ಇಂದು ವಾದ್ಯಗಳ ಅಂಗಡಿಗಳು ಪ್ರಸಿದ್ಧವಾಗಿವೆ. ಸರಕುಗಳು ಹೋದರೂ ಹೆಸರುಗಳು ಉಳಿದಿವೆ. ಆ ಹೆಸರುಗಳ ಹಿಂದಿರುವ ದುಡಿಮೆಯನ್ನು ಗೌರವಿಸಿ, ಭೇದವನ್ನು ಕೈಬಿಡುವುದೇ ಶರಣರನ್ನು ಓದಿದವರು ಪೇಟೆಯ ಚರಿತ್ರೆಯಿಂದ ಕಲಿಯಬೇಕಾದ ಪಾಠ.