ಪುಣೆಯ ಇಂಜನಿಯರಿಂಗ್ ಕಾಲೇಜೂ ಕನ್ನಡ ವಿದ್ಯಾರ್ಥಿಗಳೂ

ಕನ್ನಡನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದ ಸಂಕಟಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಕಚೇರಿಯ ಭಾಷೆ, ಶಾಲೆಯ ಭಾಷೆ, ಕಂದಾಯದ ಕಟ್ಟಳೆ ಇವುಗಳನ್ನೇ ಎತ್ತಿ ಹೇಳುತ್ತಾರೆ. ಉಚ್ಚ ವಿದ್ಯೆಯ, ಅದರಲ್ಲಿಯೂ ಇಂಜನಿಯರಿಂಗ್ ವಿದ್ಯೆಯ ಮಾತು ಅಷ್ಟಾಗಿ ಬರುವುದಿಲ್ಲ. ಕೆರೆ ಕಾಲುವೆಗಳನ್ನೇ ನಂಬಿ ಬದುಕಿದ ಈ ನಾಡಿನ ತರುಣನೊಬ್ಬನು ಕಟ್ಟೆ ಕಟ್ಟುವ ಶಾಸ್ತ್ರವನ್ನು ವಿಶ್ವವಿದ್ಯಾನಿಲಯದ ಪದವಿಯ ಮಟ್ಟದಲ್ಲಿ ಕಲಿಯಬೇಕಾದರೆ 1917ರವರೆಗೂ ಕನ್ನಡದ ಎಲ್ಲೆಯನ್ನು ದಾಟಲೇಬೇಕಾಗಿತ್ತು. ಯಾವ ದಿಕ್ಕಿಗೆ ದಾಟಬೇಕೆಂಬುದನ್ನು ಅವನ ಇಚ್ಛೆಗಿಂತ ಅವನು ಹುಟ್ಟಿದ ಜಿಲ್ಲೆಯೇ ಬಹುಮಟ್ಟಿಗೆ ನಿರ್ಣಯಿಸುತ್ತಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳವನಿಗೆ, 1862ರ ತರುವಾಯ ಉತ್ತರ ಕನ್ನಡದವನಿಗೂ, ಪುಣೆ. ಮಂಗಳೂರು, ಬಳ್ಳಾರಿಗಳವನಿಗೆ 1794ರ ಭೂಮಾಪನ ಶಾಲೆಯಿಂದ ಬೆಳೆದುಬಂದ ಮದರಾಸಿನ ಕಾಲೇಜು. ಮೈಸೂರು ಸಂಸ್ಥಾನದವನಿಗೆ ಎರಡೂ ಪರಸ್ಥಳಗಳೇ.

ಈ ಕಾಲೇಜುಗಳು ವಿದ್ಯಾಪ್ರೇಮದಿಂದ ಹುಟ್ಟಿದವುಗಳಲ್ಲ. ರೂರ್ಕಿಯಲ್ಲಿ 1847ರಲ್ಲಿ ಕಾಲೇಜು ಏರ್ಪಟ್ಟದ್ದು ಗಂಗಾ ಕಾಲುವೆಯ ಕೆಲಸಕ್ಕೆ ಜನ ಸಾಲದೆ ಹೋದುದರಿಂದ. ಪುಣೆಯಲ್ಲಿ 1854ರಲ್ಲಿ ತೆರೆದುದೂ ಕಾಲೇಜಲ್ಲ, ಒಂದು ಇಂಜನಿಯರಿಂಗ್ ತರಗತಿ ಮತ್ತು ಯಂತ್ರಶಾಲೆ ಮಾತ್ರ. ಮುಂಬಯಿಯಿಂದ ಠಾಣೆಗೆ ರೈಲು ಓಡಿ ಆಗಿನ್ನೂ ಒಂದು ವರ್ಷ. ರಸ್ತೆ, ಸೇತುವೆ, ಕಾಲುವೆ, ರೈಲುದಾರಿಗಳಿಗೆ ಕೆಳದರ್ಜೆಯ ನೌಕರರು ಬೇಕಾಗಿದ್ದರು; ಆಲೋಚಿಸುವವರು ಇಂಗ್ಲೆಂಡಿನಿಂದ ಬರುತ್ತಿದ್ದರು, ಅಳೆಯುವವರೂ ಲೆಕ್ಕ ಬರೆಯುವವರೂ ಇಲ್ಲಿಯೇ ತಯಾರಾಗಬೇಕಾಗಿತ್ತು. 1865ರ ಆಗಸ್ಟಿನಲ್ಲಿ ಗವರ್ನರ್ ಸರ್ ಬಾರ್ಟ್ಲ್ ಫ್ರೇರ್ ಅವರು ಮುಳಾ ಮುಠಾ ನದಿಗಳ ಸಂಗಮದ ಸಮೀಪದಲ್ಲಿ ಕಾಲೇಜಿನ ಕಟ್ಟಡಕ್ಕೆ ಅಡಿಗಲ್ಲನ್ನಿಟ್ಟರು. ಮರುವರ್ಷ ಸಂಸ್ಥೆಯು ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಸೇರಿತು. ವಿಶ್ವವಿದ್ಯಾನಿಲಯವು ಕೊಡುತ್ತಿದ್ದುದು ಎಲ್.ಸಿ.ಇ. ಎಂಬ ಪದವಿ, ಬಿ.ಇ. ಎಂಬ ಹೆಸರು ಬಂದುದು 1912ರಲ್ಲಿ. ನಡುವೆ 1880ರಲ್ಲಿ ಅರಣ್ಯಶಾಸ್ತ್ರ, ವ್ಯವಸಾಯಶಾಸ್ತ್ರಗಳ ತರಗತಿಗಳೂ ಕೂಡಿಕೊಂಡು ಅದು ‘ಕಾಲೇಜ್ ಆಫ್ ಸಾಯನ್ಸ್’ ಎನಿಸಿಕೊಂಡಿತು. ವಿಶ್ವೇಶ್ವರಯ್ಯನವರು ಓದಿದ್ದು ಈ ಹೆಸರಿನ ಕಾಲೇಜಿನಲ್ಲಿ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಬಂದೊಡನೆ ಲೇಖನಗಳು ಸ್ತೋತ್ರಗಳಾಗುವ ರೂಢಿಯುಂಟು. ಇಲ್ಲಿ ಬೇಕಾದುದು ಅವರ ವಿದ್ಯಾರ್ಥಿದೆಸೆ ಮಾತ್ರ. ಬೆಂಗಳೂರಿನಲ್ಲಿ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆಹೊರೆದುಕೊಳ್ಳುತ್ತ ಅವರು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಆ ಪದವಿ ಮದರಾಸು ವಿಶ್ವವಿದ್ಯಾನಿಲಯದ್ದು. ಅದೇ ವರ್ಷ ಮೈಸೂರು ಸಂಸ್ಥಾನವು ಒಡೆಯರ ಮನೆತನಕ್ಕೆ ಮರಳಿ, ರಂಗಾಚಾರ್ಲು ಅವರು ದಿವಾನರಾಗಿದ್ದರು. ಸಂಸ್ಥಾನದ ವಿದ್ಯಾರ್ಥಿವೇತನ ದೊರೆತುದರಿಂದ ವಿಶ್ವೇಶ್ವರಯ್ಯನವರು ಪುಣೆಗೆ ಹೋಗಲು ಸಾಧ್ಯವಾಯಿತು.

ಆಗಿನ ಪಯಣದ ದಾರಿಯೇ ಒಂದು ಪಾಠ. ಬೆಂಗಳೂರಿನಿಂದ ತುಮಕೂರು, ಹುಬ್ಬಳ್ಳಿಗಳ ಮೇಲೆ ಪುಣೆಗೆ ರೈಲು ಹೋಗತೊಡಗಿದುದು 1890ರ ಸುಮಾರಿಗೆ. ಅದಕ್ಕೆ ಮೊದಲು ರೈಲು ಹಿಡಿದವನು ಮೂಡಣಕ್ಕೆ ಜೋಲಾರಪೇಟೆಗಿಳಿದು, ಅರಕ್ಕೋಣಂನಲ್ಲಿ ಬಡಗಣಕ್ಕೆ ತಿರುಗಿ, ರಾಯಚೂರಿಗೆ ಬಂದು, ಅಲ್ಲಿಂದ ಸೊಲ್ಲಾಪುರದ ಮೇಲೆ ಪುಣೆ ಸೇರಬೇಕು. ಮದರಾಸು ಮುಂಬಯಿಗಳ ಹಳಿಗಳು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಕನ್ನಡನಾಡಿನಿಂದ ಹೊರಟು, ಎರಡು ಪರಭಾಷೆಗಳ ಸೀಮೆಯನ್ನು ಸುತ್ತಿ, ನಿಜಾಮರ ಆಳ್ವಿಕೆಯ ಕನ್ನಡನಾಡನ್ನು ಗಾಡಿಯ ಕಿಟಕಿಯಿಂದ ಕಂಡು, ಮರಾಠಿಯ ಪಟ್ಟಣದಲ್ಲಿ ಇಳಿದು, ಇಂಗ್ಲಿಷಿನಲ್ಲಿ ಪಾಠ ಕೇಳಬೇಕಾಗಿತ್ತು.

1883ರಲ್ಲಿ ವಿಶ್ವೇಶ್ವರಯ್ಯನವರು ಎಲ್.ಸಿ.ಇ. ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮುಂಬಯಿ ಸೀಮೆಯ ರೈಲುದಾರಿಯನ್ನು ಹಾಸಿದ ಜೇಮ್ಸ್ ಬರ್ಕ್ಲಿಯ ಹೆಸರಿನ ಬಹುಮಾನವೂ ಅವರಿಗೆ ಸಂದಿತು. ಮೊದಲಿಗನಾದವನಿಗೆ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜನಿಯರ್ ಹುದ್ದೆ ಖಾತ್ರಿಯಾಗಿದ್ದಿತು. ಹೀಗೆ ಮೈಸೂರಿನ ಹಣದಿಂದ ಕಲಿತ ವಿದ್ಯೆಯು 1884ರಿಂದ ಸುಮಾರು ಕಾಲು ಶತಮಾನ ಮುಂಬಯಿ ಸರ್ಕಾರದ ಸೇವೆಗೆ ಸಂದಿತು. ಖಡಕವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಆ ಕಾಲದವು. ಇದನ್ನು ಮೈಸೂರಿಗೆ ಆದ ನಷ್ಟವೆನ್ನುವವರಿದ್ದಾರೆ. ಹಾಗೆನ್ನುವುದು ಪೂರ್ತಿ ಸರಿಯಲ್ಲ. ದೊಡ್ಡ ಪ್ರಾಂತದ ನೀರಾವರಿ ಕೆಲಸಗಳಲ್ಲಿ ಕೈ ಪಳಗಿರದಿದ್ದರೆ, 1909ರಲ್ಲಿ ಮೈಸೂರಿನ ಮುಖ್ಯ ಇಂಜನಿಯರಾಗಿ ಬಂದ ಮೇಲೆ, ಕನ್ನಂಬಾಡಿಯಂಥ ಕಟ್ಟೆಯನ್ನು 1911ರಲ್ಲಿ ಆರಂಭಿಸುವ ಧೈರ್ಯ ಬರುತ್ತಿದ್ದಿತೆ?

ಮೇಲಿನ ಹುದ್ದೆಗಳಿಗೆ ಒಂದು ಗೋಡೆ ಅಡ್ಡವಾಗಿತ್ತೆಂಬುದನ್ನು ಮಾತ್ರ ಮರೆಯಲಾಗದು. ಇಂಗ್ಲೆಂಡಿನ ಕೂಪರ್ಸ್ ಹಿಲ್ಲಿನಲ್ಲಿ 1871ರಲ್ಲಿ ತೆರೆದ ಕಾಲೇಜು, 1906ರಲ್ಲಿ ಮುಚ್ಚುವವರೆಗೆ, ಭಾರತದ ಲೋಕೋಪಯೋಗಿ ಇಲಾಖೆಗೆಂದೇ ಆಂಗ್ಲ ತರುಣರನ್ನು ತಯಾರುಮಾಡುತ್ತಿತ್ತು. ಪುಣೆಯಲ್ಲಿ ಕಲಿತವನು ಎಷ್ಟೇ ಜಾಣನಾದರೂ ಅಲ್ಲಿಂದ ಬಂದವನ ಕೆಳಗೆ. ಮುಂಬಯಿ ಪ್ರಾಂತದಲ್ಲಿ ಭಾರತೀಯನೊಬ್ಬನು ಮುಖ್ಯ ಇಂಜನಿಯರ್ ಆಗುವ ನಿರೀಕ್ಷೆ ಅಂದು ಇರಲಿಲ್ಲ. ವಿಶ್ವೇಶ್ವರಯ್ಯನವರು ಅವಧಿಗೆ ಮುನ್ನವೇ ಆ ಸೇವೆಯನ್ನು ಬಿಟ್ಟುದರ ಹಿಂದೆ ಈ ಅರಿವೂ ಇದ್ದಿತು.

ಭಾಷೆಯ ವಿಷಯದಲ್ಲಿ ಒಂದು ಸೋಜಿಗವುಂಟು. ಮುಂಬಯಿಯಲ್ಲಿ 1823ರಷ್ಟು ಹಿಂದೆಯೇ ಕ್ಯಾಪ್ಟನ್ ಜಾರ್ಜ್ ಜರ್ವಿಸ್ ಎಂಬವನು ಇಂಜನಿಯರಿಂಗ್ ಶಾಲೆಯೊಂದನ್ನು ನಡೆಸಿ, ಗಣಿತ ಗ್ರಂಥಗಳನ್ನು ಪಂಡಿತರ ನೆರವಿನಿಂದ ಮರಾಠಿಗೂ ಗುಜರಾತಿಗೂ ತಂದಿದ್ದನು. ಶಾಲೆ ಬಹುಕಾಲ ಬಾಳಲಿಲ್ಲವಾದರೂ ಪುಸ್ತಕಗಳು ಉಳಿದುವು. ರೂರ್ಕಿಯ ಕೆಳತರಗತಿಗಳಲ್ಲಿ ಉರ್ದುವಿನ ಪಾಠವಿದ್ದಿತು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ 1929ರಲ್ಲಿ ಇಂಜನಿಯರಿಂಗ್ ಕಾಲೇಜು ತೆರೆದಾಗ ಆ ವಿಶ್ವವಿದ್ಯಾನಿಲಯದ ಬೋಧನಭಾಷೆ ಉರ್ದು; ಕಲಬುರ್ಗಿ, ರಾಯಚೂರು, ಬೀದರಗಳ ಹುಡುಗನು ಸೇತುವೆಯ ಲೆಕ್ಕವನ್ನು ಆ ಭಾಷೆಯಲ್ಲಿ ಕಲಿಯಬೇಕಾಯಿತು. ಕನ್ನಡಕ್ಕೆ ಇಂಥ ಅವಕಾಶ ಎಲ್ಲಿಯೂ ಒದಗಲಿಲ್ಲ. ಪದಗಳ ಬಡತನ ಇದಕ್ಕೆ ಕಾರಣವೆಂದರೆ ಒಪ್ಪಲಾಗದು. ಏರಿ, ತೂಬು, ಕೋಡಿ, ಕಟ್ಟೆ, ಅಣೆ, ಕಾಲುವೆ: ಕೆರೆಯ ಒಂದೊಂದು ಅಂಗಕ್ಕೂ ಶಾಸನಕಾಲದಿಂದ ಹೆಸರಿದ್ದ ಭಾಷೆ ಇದು. ಒಕ್ಕಲಿಗನು ದಿನವೂ ನುಡಿಯುತ್ತಿದ್ದ ಮಾತುಗಳನ್ನು ಅವನ ಮಗನು ಕಾಲೇಜಿಗೆ ಹೋಗಿ ‘ಬಂಡ್’, ‘ಸ್ಲೂಯಿಸ್’, ‘ವೇಸ್ಟ್ ವಿಯರ್’ ಎಂದು ಹೊಸದಾಗಿ ಬಾಯಿಪಾಠ ಮಾಡಿದನು. ಕೆಲಸದ ಸ್ಥಳಕ್ಕೆ ಮರಳಿ ಬಂದಾಗ ಮೇಸ್ತ್ರಿಯೊಡನೆ ಹಳೆಯ ಮಾತನ್ನೇ ಆಡಿದನು. ವಿಶ್ವೇಶ್ವರಯ್ಯನವರು ತಮ್ಮ ಸೇವಾಜೀವನದ ಸ್ಮರಣೆಗಳನ್ನು 1951ರಲ್ಲಿ ಪ್ರಕಟಿಸಿದುದು ಕೂಡ ಇಂಗ್ಲಿಷಿನಲ್ಲಿ.

ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪಿತವಾಗಿ, ಮರುವರ್ಷ ಬೆಂಗಳೂರಿನಲ್ಲಿ ಇಂಜನಿಯರಿಂಗ್ ಕಾಲೇಜು ತೆರೆದಾಗ ದಿವಾನರಾಗಿದ್ದವರು ಪುಣೆಯ ಅದೇ ಹಳೆಯ ವಿದ್ಯಾರ್ಥಿ. ಸಂಸ್ಥಾನದ ಹುಡುಗರು ಪರಸ್ಥಳಕ್ಕೆ ಹೋಗಲೇಬೇಕೆಂಬ ನಿರ್ಬಂಧ ಅಲ್ಲಿಗೆ ಕಳೆಯಿತು. ಮುಂಬಯಿ ಕರ್ನಾಟಕದವರಿಗೆ ಇನ್ನೂ ಮೂವತ್ತು ವರ್ಷ ಪುಣೆಯೇ ಗತಿಯಾಗಿದ್ದು, 1947ರಲ್ಲಿ ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜು ತಲೆಯೆತ್ತಿತು. ಕಲಬುರ್ಗಿಗೆ ಕಾಲೇಜು ಬಂದುದು ರಾಜ್ಯದ ಏಕೀಕರಣವಾಗಿ ಎರಡು ವರ್ಷದ ಮೇಲೆ, 1958ರಲ್ಲಿ. ಕರಾವಳಿಯ ಸುರತ್ಕಲ್ಲಿಗೆ 1960ರಲ್ಲಿ. ಪುಣೆಗೆ ಓದಲು ಹೋಗಿ ಆ ಸೀಮೆಯ ಇಲಾಖೆಗಳಲ್ಲಿಯೇ ನೆಲೆನಿಂತ ಕನ್ನಡಿಗರ ಮನೆತನಗಳು, ಮರಳಿ ಬರಲು ಊರಿನಲ್ಲಿ ಕಾಲೇಜು ಆಗುವ ವೇಳೆಗೆ, ಎರಡನೆಯ ತಲೆಮಾರನ್ನು ಕಂಡಿದ್ದುವು.

ಕನ್ನಡದಲ್ಲಿ ಇಂಜನಿಯರಿಂಗ್ ಬೋಧಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅನುಮತಿ ದೊರೆತದ್ದು 2021ರಲ್ಲಿ. ಜರ್ವಿಸನ ಮರಾಠಿ ತರಗತಿಗೂ ಇದಕ್ಕೂ ನಡುವಿನ ಅಂತರ 198 ವರ್ಷ.