ಕಾವೇರಿ ನೀರಿನ ಕರಾರುಗಳು

ಕನ್ನಡ ನಾಡಿನ ಶಾಸನಗಳಲ್ಲಿ ಬಸದಿಗೆ ಬಿಟ್ಟ ದತ್ತಿಯೊಡನೆ ಕೆರೆಯ ಮಾತೂ ಮತ್ತೆ ಮತ್ತೆ ಬರುತ್ತದೆ. ಗದ್ದೆಯನ್ನು ದಾನವಿತ್ತವರು ಅದು ಯಾವ ಕೆರೆಯ ಕೆಳಗಿನದೆಂಬುದನ್ನೂ ಕಲ್ಲಿನಲ್ಲಿ ಬರೆಸುತ್ತಿದ್ದರು. ಕೆರೆಯನ್ನು ಕಟ್ಟಿಸಿದವರಿಗೂ ಕಾಯ್ದುಕೊಂಡು ಬಂದವರಿಗೂ ಬಿತ್ತುವಟ್ಟವೆಂಬ ಭೂಮಿ ಸಲ್ಲುತ್ತಿತ್ತು. ನೀರಿನ ನ್ಯಾಯ ಬಹುಮಟ್ಟಿಗೆ ಊರಿನೊಳಗೇ ತೀರುತ್ತಿದ್ದ ಕಾಲವದು. ಯಾವ ಕಾವೇರಿಯ ದಡದ ತಲಕಾಡಿನಿಂದ ಜಿನಧರ್ಮಪೋಷಕರಾದ ಗಂಗರು ರಾಜ್ಯವಾಳಿದರೋ, ಅದೇ ಕಾವೇರಿ ಎರಡು ಸರ್ಕಾರಗಳ ವ್ಯಾಜ್ಯಕ್ಕೆ ವಸ್ತುವಾದುದು ಬ್ರಿಟಿಷರ ಆಳ್ವಿಕೆಯಲ್ಲಿ.

1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿತು. ಹಳೆಯ ಕೆರೆಗಳನ್ನು ದುರಸ್ತಿ ಮಾಡಿ ಹೊಸ ಕಟ್ಟೆಗಳನ್ನು ಕಟ್ಟುವ ಮೈಸೂರಿನ ಹವಣಿಕೆಯಿಂದ, ತಂಜಾವೂರಿನ ಗದ್ದೆಗಳಿಗೆ ನೀರು ತಪ್ಪೀತೆಂಬ ಅಂಜಿಕೆ ಮದರಾಸು ಸರ್ಕಾರಕ್ಕೆ ಹುಟ್ಟಿತು. 1892ನೆಯ ಫೆಬ್ರವರಿ 18ರಂದು ಕರಾರಾಯಿತು. ಕಾವೇರಿ, ಹೇಮಾವತಿ, ಕಪಿಲೆ, ತುಂಗಭದ್ರೆ ಮೊದಲಾದ 15 ನದಿಗಳಿಗೆ ಅಡ್ಡಲಾಗಿ ಮದರಾಸಿನ ಪೂರ್ವಸಮ್ಮತಿಯಿಲ್ಲದೆ ಮೈಸೂರು ಹೊಸ ನೀರಾವರಿ ಜಲಾಶಯವನ್ನು ಕಟ್ಟಬಾರದು. ಮದರಾಸು ಆಗಲೇ ಅನುಭವಿಸುತ್ತಿದ್ದ ಹಕ್ಕಿನ ರಕ್ಷಣೆಗಲ್ಲದೆ ಬೇರಾವ ಕಾರಣಕ್ಕೂ ಸಮ್ಮತಿಯನ್ನು ನಿರಾಕರಿಸಬಾರದು. ಭಿನ್ನಾಭಿಪ್ರಾಯ ಬಂದರೆ ಪಂಚಾಯಿತಿಗೆ ಒಪ್ಪಿಸಬೇಕು. ಬರಹದಲ್ಲೇನೋ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಒಂದು ಕಡೆಯದು ಬ್ರಿಟಿಷರ ಸ್ವಂತ ಪ್ರಾಂತ, ಇನ್ನೊಂದು ಅವರ ಮೇಲಾಳಿಕೆಗೆ ಒಳಪಟ್ಟ ಸಂಸ್ಥಾನ. ಸಾಹುಕಾರನೂ ಸಾಲಗಾರನೂ ಕೂಡಿ ಬರೆದ ಪತ್ರದಲ್ಲಿ ‘ಸಮ್ಮತಿ’ ಎಂಬ ಶಬ್ದಕ್ಕೆ ಎಷ್ಟು ತೂಕವೆಂಬುದು ವ್ಯವಹಾರಸ್ಥರಿಗೆ ತಿಳಿಯದ ಸಂಗತಿಯಲ್ಲ.

ಆ ಶಬ್ದದ ಪರೀಕ್ಷೆ ನಡೆದುದು ಕನ್ನಂಬಾಡಿಯಲ್ಲಿ. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹೋಗುತ್ತಿತ್ತು; ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಯಂತ್ರಕ್ಕೆ ನೀರು ಸಾಲದು. ಮುಖ್ಯ ಇಂಜಿನಿಯರಾಗಿದ್ದ ವಿಶ್ವೇಶ್ವರಯ್ಯನವರು ವಿದ್ಯುತ್ತಿಗೂ ನೀರಾವರಿಗೂ ಒದಗುವ ದೊಡ್ಡ ಅಣೆಕಟ್ಟೆಯ ಯೋಜನೆಯನ್ನು ಸಿದ್ಧಪಡಿಸಿದರು. ಮೇಟ್ಟೂರಿನಲ್ಲಿ ತಾನೂ ಅಣೆಕಟ್ಟಲು ಬಯಸಿದ್ದ ಮದರಾಸು, ಕೇವಲ 11 ಟಿ.ಎಂ.ಸಿ. ನೀರು ನಿಲ್ಲುವಷ್ಟು ಕಟ್ಟೆಗೆ ಮಾತ್ರ ಒಪ್ಪಿತು. ಮೈಸೂರು ಪೂರ್ಣ ಎತ್ತರಕ್ಕೆ ತಕ್ಕ ಅಡಿಪಾಯವನ್ನೇ ಹಾಕಿತು. ಇದು ಸಾಹಸವೇ ಸರಿ.

ವಿವಾದವು ಅಲಹಾಬಾದು ಹೈಕೋರ್ಟಿನ ನ್ಯಾಯಾಧೀಶ ಗ್ರಿಫಿನ್ ಅವರ ಮುಂದೆ ಬಂದಿತು. ಮೇಲಣೆಯ ಬಳಿ ಆರೂವರೆ ಅಡಿ ಮಟ್ಟಕ್ಕೆ ಬೇಕಾದ ನೀರನ್ನು ಕೆಳಗೆ ಬಿಟ್ಟು, ಮಿಕ್ಕುದನ್ನು ಮೈಸೂರು ಹಿಡಿದಿಡಬಹುದೆಂಬುದು 1914ನೆಯ ಮೇ 12ರ ಅವರ ತೀರ್ಪಿನ ಸಾರ. ಭಾರತ ಸರ್ಕಾರ 1916ರಲ್ಲಿ ಅದನ್ನು ಸ್ಥಿರಪಡಿಸಿತು. ಮದರಾಸು ಸುಮ್ಮನಿರಲಿಲ್ಲ, ಲಂಡನ್ನಿನಲ್ಲಿದ್ದ ಭಾರತ ಮಂತ್ರಿಗೆ ಮೇಲ್ಮನವಿ ಸಲ್ಲಿಸಿತು. 1919ರಲ್ಲಿ ತೀರ್ಪು ರದ್ದಾಯಿತು. ಪಂಚಾಯಿತಿಯಲ್ಲಿ ಗೆದ್ದ ಮೈಸೂರು ಮತ್ತೆ ಮದರಾಸಿನೊಡನೆ ಮಾತುಕತೆಗೆ ಕೂಡಬೇಕಾಯಿತು.

ಹೊಸ ಒಪ್ಪಂದಕ್ಕೆ ಸಹಿ ಬಿದ್ದುದು 1924ನೆಯ ಫೆಬ್ರವರಿ 18ರಂದು. ಮೊದಲ ಕರಾರಿಗೆ ಅಂದಿಗೆ ಸರಿಯಾಗಿ 32 ವರ್ಷ! ಕನ್ನಂಬಾಡಿಗೆ 44.827 ಟಿ.ಎಂ.ಸಿ., ಮೇಟ್ಟೂರಿಗೆ 93.5 ಟಿ.ಎಂ.ಸಿ. ಸಂಗ್ರಹ ನಿಗದಿಯಾಯಿತು. ಹೊಸ ನೀರಾವರಿಯಲ್ಲಿ ಮೈಸೂರಿಗೆ 1,10,000 ಎಕರೆ, ಮದರಾಸಿಗೆ 3,01,000 ಎಕರೆ. ಕೆಲವು ಷರತ್ತುಗಳನ್ನು 50 ವರ್ಷಗಳ ನಂತರ ಮರುಪರಿಶೀಲಿಸಬಹುದೆಂದೂ ಬರೆಯಲಾಯಿತು. ಈ ಒಂದು ವಾಕ್ಯವೇ 1974ರ ತರುವಾಯದ ವಾದಗಳಿಗೆಲ್ಲ ಬೀಜವಾಯಿತು.

1990ರಲ್ಲಿ ನ್ಯಾಯಮಂಡಲಿ ರಚನೆಯಾಯಿತು. ಅದರ 1991ರ ಮಧ್ಯಂತರ ಆದೇಶ 205 ಟಿ.ಎಂ.ಸಿ. ಬಿಡಲು ಹೇಳಿದಾಗ ನಾಡಿನಲ್ಲಿ ಎದ್ದ ಕ್ಷೋಭೆಯನ್ನು ಕಂಡವರು ಮರೆಯಲಾರರು. 2007ರ ಅಂತಿಮ ತೀರ್ಪು ಅದನ್ನು 192ಕ್ಕೆ ಇಳಿಸಿತು. 2018ನೆಯ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು 177.25 ಎಂದು ನಿಶ್ಚಯಿಸಿತು. ಹಳೆಯ ಕರಾರುಗಳು ಬಲವಂತದಿಂದಾದ ಅನ್ಯಾಯದ ಪತ್ರಗಳೆಂಬ ಕರ್ನಾಟಕದ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. 1924ರ ಒಪ್ಪಂದದ ಅವಧಿ 1974ಕ್ಕೆ ಮುಗಿಯಿತೆಂಬುದನ್ನು ಮಾತ್ರ ಒಪ್ಪಿತು. ಕರ್ನಾಟಕಕ್ಕೆ ಹೆಚ್ಚಿಗೆ ದೊರೆತುದು 14.75 ಟಿ.ಎಂ.ಸಿ. 1892ರ ಪತ್ರ ನೀರಾವರಿಯ ಕಟ್ಟೆಗಳ ಮಾತನ್ನಾಡಿತ್ತು, ಈ 14.75ರಲ್ಲಿ 4.75 ಟಿ.ಎಂ.ಸಿ. ಮೀಸಲಾದುದು ಬೆಂಗಳೂರಿನವರು ಕುಡಿಯುವ ನೀರಿಗೆ.