ಚಳಿಗಾಲಕ್ಕೆ ಕಡಲಿಗಿಳಿಯುವ ನಮ್ಮ ಹಳೇ ದಾರಿ

ಡಿಸೆಂಬರ್ ಬಂತೆಂದರೆ ಬೆಳಗಾವಿ ಕ್ಯಾಂಪಿನಲ್ಲಿ ಬೆಳಿಗ್ಗೆ ಸ್ವೆಟರ್ ಇಲ್ಲದೆ ಹೊರಬೀಳುವುದು ಕಷ್ಟ. ಶನಿವಾರವಾದರಂತೂ ಕಾರು, ಬೈಕುಗಳು ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನ ಕಡೆ ಓಡುತ್ತವೆ. ಬೆಳಗಾವಿ ಇರುವುದು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ. ಕೆಲವೇ ತಾಸು ಕೆಳಗಿಳಿದರೆ ಗೋವಾದ ಬೆಚ್ಚನೆಯ ಮರಳು ಸಿಗುತ್ತದೆ.

ಇವತ್ತು ಇದು ಇಷ್ಟು ಸಲೀಸು. ಆದರೆ ಘಾಟಿನ ಮೇಲಿನಿಂದ ಆರು ವರ್ಷ ಗೋವಾಕ್ಕೆ ರೈಲೇ ಓಡದ ಕಾಲವೂ ಇತ್ತು.

ಮೊದಲು ಇನ್ನೂ ಹಿಂದಕ್ಕೆ ಹೋಗೋಣ. ಖಾನಾಪುರ ತಾಲೂಕಿನ ನಂದಗಡದ ಹತ್ತಿರ ಹಲಸಿ ಎಂಬ ಊರಿದೆ. ಹಳೆಯ ಹೆಸರು ಪಲಾಶಿಕಾ. 12ನೇ ಶತಮಾನದಲ್ಲಿ ಗೋವಾದ ಕದಂಬರಿಗೆ ಇದು ಎರಡನೇ ರಾಜಧಾನಿಯಾಗಿತ್ತು. ಅಲ್ಲಿರುವ ಭೂವರಾಹ ನರಸಿಂಹ ದೇವಸ್ಥಾನ ಅವರ ಕಾಲದ್ದು. ಘಾಟಿನ ಮೇಲಿನ ಹಲಸಿಗೂ ಕೆಳಗಿನ ಕಡಲಿಗೂ ಆಗ ಒಬ್ಬನೇ ರಾಜ. ನಡುವೆ ಗಡಿ ಇರಲಿಲ್ಲ.

ಗಡಿ ಬಂದದ್ದು 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ. 1818ರಲ್ಲಿ ಬ್ರಿಟಿಷರು ಬೆಳಗಾವಿ ಕೋಟೆ ಗೆದ್ದರು, ಪಕ್ಕದಲ್ಲೇ ದಂಡು ಬೀಡುಬಿಟ್ಟಿತು. ಅದೇ ಇವತ್ತಿನ ಕ್ಯಾಂಪ್. ಹೀಗೆ ಘಾಟಿನ ಮೇಲೊಂದು ಸರಕಾರ, ಕೆಳಗೊಂದು ಸರಕಾರ.

ಇಬ್ಬರೂ 1878ರಲ್ಲಿ ಒಪ್ಪಂದ ಮಾಡಿಕೊಂಡು ರೈಲು ಹಾಕಲು ನಿರ್ಧರಿಸಿದರು. 1888ರ ಹೊತ್ತಿಗೆ ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ರೈಲು ಏರಿತು. ಅಲ್ಲಿಂದ ನಮ್ಮ ಖಾನಾಪುರ ತಾಲೂಕಿನ ಲೋಂಡಾಕ್ಕೆ ಸಂಪರ್ಕ. ಈ ಘಾಟಿನ ಏರು ಎಷ್ಟು ಕಡಿದು ಎಂದರೆ, 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಹತ್ತಬೇಕು. ಅದಕ್ಕೇ ಇವತ್ತಿಗೂ ರೈಲಿಗೆ ಹೆಚ್ಚುವರಿ ಇಂಜಿನ್ ಜೋಡಿಸುತ್ತಾರೆ. ಈ ಹಳಿ ಹಾಕಿದ್ದು ಮುಖ್ಯವಾಗಿ ಬಂದರಿಗೆ ಸರಕು ಸಾಗಿಸಲು. ಜನರೂ ಓಡಾಡಿದರು, ಆದರೆ ಕ್ಯಾಸಲ್‌ರಾಕ್‌ನಲ್ಲಿ ಒಮ್ಮೆ, ಕುಳೆಯಲ್ಲಿ ಮತ್ತೊಮ್ಮೆ ಗಂಟು ಬಿಚ್ಚಿ ಸುಂಕದವರಿಗೆ ತೋರಿಸಬೇಕಿತ್ತು.

1947ರಲ್ಲಿ ನಮಗೆ ಸ್ವಾತಂತ್ರ್ಯ ಬಂತು, ಗೋವಾಕ್ಕೆ ಬರಲಿಲ್ಲ. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗೋವಾ ಹೊಕ್ಕ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ಬಳಿಕ ಭಾರತ ಗಡಿ ಬಿಗಿ ಮಾಡಿತು, ರೈಲು ನಿಂತಿತು. ಮಗಳನ್ನು ಆಚೆ ಕೊಟ್ಟವರಿಗೆ, ಆಚೆಯಿಂದ ಸೊಸೆ ತಂದವರಿಗೆ ತವರು ಎಂಬುದು ಪರದೇಶವಾಯಿತು.

ಆರು ವರ್ಷಗಳ ನಂತರ ದಾರಿ ತೆರೆದದ್ದೂ ಚಳಿಗಾಲದಲ್ಲೇ. 1961ರ ಡಿಸೆಂಬರಿನಲ್ಲಿ ಬೆಳಗಾವಿಯ ಸುತ್ತ ಸೇನೆ ಜಮಾಯಿಸಿತು. ಮೇಜರ್ ಜನರಲ್ ಕೆ.ಪಿ. ಕ್ಯಾಂಡೆತ್ ಮುಂದಾಳು. ಸಾಂಬ್ರಾದಿಂದ ಯುದ್ಧವಿಮಾನಗಳು ಹಾರಿದವು. 18ರಂದು ಸೇನೆ ಗೋವಾದೊಳಗೆ ನುಗ್ಗಿತು, 19ಕ್ಕೆ ಪೋರ್ಚುಗೀಸರು ಶರಣಾದರು. 451 ವರ್ಷಗಳ ಆಳ್ವಿಕೆ ಮುಗಿಯಿತು, ರೈಲು ಮತ್ತೆ ಓಡಿತು. ಮಜಾ ಮಾಡಲು ಗೋವಾಕ್ಕೆ ಹೋಗುವ ಈಗಿನ ರೂಢಿ ಬೆಳೆದದ್ದು ಅದರ ನಂತರವೇ.

ಈ ಸಲ ನೀವು ಬಿಸಿಲು ಹುಡುಕಿ ಹೊರಟರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮೊದಲು ಹಲಸಿ ನೋಡಿ. ಲೋಂಡಾದಿಂದ ರೈಲು ಹಿಡಿಯಿರಿ. ಘಾಟಿನಲ್ಲಿ ದೂಧಸಾಗರ ಜಲಪಾತ ಕಿಟಕಿಯಿಂದಲೇ ಕಾಣುತ್ತದೆ, ಹಳಿಗೆ ಇಳಿಯಬೇಡಿ.

ಹೊರಡುವ ಮುಂಚೆ ಮನೆಯ ಹಿರಿಯರ ಹತ್ತಿರ ಕೂತು ಆ ಆರು ವರ್ಷ ಹೇಗಿತ್ತೆಂದು ಕೇಳಿ. ಆಗ ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಗೋವಾದ ಕಡಲು ಮುಂದಿನ ವರ್ಷವೂ ಅಲ್ಲೇ ಇರುತ್ತದೆ.